ಅಪ್‌ಡೇಟ್: ಕಾಫಿ ಕ್ಯೂರಿಂಗ್ ಆರ್ಡರ್‌ಗಳಿಗೆ ಎಂಎಸ್ ಪ್ರಾಜೆಕ್ಟ್, ಕೊನೆಗೂ ದಾರಿ ಸಿಕ್ಕಿತು

ಕುಶಾಲನಗರದ ನಮ್ಮ ಕ್ಯೂರಿಂಗ್ ಘಟಕದಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಜಾಗ) ಒಂದೇ ಹಲ್ಲರ್‌ಗೆ, ಅಂದರೆ ಸಿಪ್ಪೆ ತೆಗೆಯುವ ಮಷಿನ್‌ಗೆ, ಒಂದೇ ದಿನ ಮೂರು ಆರ್ಡರ್ ಬೀಳುತ್ತಿವೆ, ಕೆಲಸದ ವೇಳಾಪಟ್ಟಿ ಹಾಕುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಎಂಎಸ್ ಪ್ರಾಜೆಕ್ಟ್‌ನಲ್ಲಿ ಇದನ್ನು ಸರಿ ಮಾಡೋದು ಹೇಗೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಆರ್ಡರ್‌ಗೊಂದು ಫೈಲ್ ಮಾಡುವ ಸಲಹೆ ಕೈಕೊಟ್ಟಿತು. ಒಂದು ಫೈಲ್‌ನಲ್ಲಿ ಮಷಿನ್ ಬಿಜಿ ಇದ್ದರೆ ಇನ್ನೊಂದಕ್ಕೆ ಗೊತ್ತೇ ಆಗಲ್ಲ. ಕೆಲಸಕ್ಕೆ ಬಂದಿದ್ದು, ಮಷಿನ್‌ಗಳನ್ನೇ ರಿಸೋರ್ಸ್ (ಕೆಲಸಕ್ಕೆ ಬೇಕಾದ ಸಂಪನ್ಮೂಲ) ಮಾಡಿ, ಎಲ್ಲ ಆರ್ಡರ್ ಒಂದೇ ಫೈಲ್‌ಗೆ ಹಾಕಿ ಲೆವೆಲಿಂಗ್ (ಒಂದರ ಮೇಲೊಂದು ಬಿದ್ದ ಕೆಲಸಗಳನ್ನು ಮುಂದಕ್ಕೆ ಸರಿಸುವ ಸೌಲಭ್ಯ) ಒತ್ತಿ ಅಂದವರ ಮಾತು. ಹಲ್ಲರ್, ಗ್ರೇಡರ್ (ಗಾತ್ರ ನೋಡಿ ಬೀಜ ವಿಂಗಡಿಸುವ ಮಷಿನ್), ಕಲರ್ ಸಾರ್ಟರ್ (ಬಣ್ಣ ನೋಡಿ ವಿಂಗಡಿಸುವ ಮಷಿನ್) ಮೂರಕ್ಕೂ ಶೇ. 100ರ ಮಿತಿ ಕೊಟ್ಟೆ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ಗುದ್ದಾಡುತ್ತಿದ್ದ ಆರ್ಡರ್‌ಗಳು ಸಾಲಾಗಿ ನಿಂತವು! ಅವರಿಗೆ ದೊಡ್ಡ ಥ್ಯಾಂಕ್ಸ್.

ನನಗೆ ಹೊಸದಾಗಿ ಗೊತ್ತಾಗಿದ್ದು ಪ್ರಯಾರಿಟಿ, ಅಂದರೆ ಆದ್ಯತೆಯ ಅಂಕಿಯ ವಿಷಯ. ಸುಮ್ನೆ ಬಿಟ್ಟರೆ ಎಲ್ಲದಕ್ಕೂ 500 ಇರುತ್ತೆ. ಲೆವೆಲಿಂಗ್ ಸೆಟ್ಟಿಂಗ್‌ನ ‘ಲೆವೆಲಿಂಗ್ ಆರ್ಡರ್’ (ಇಲ್ಲಿ ಆರ್ಡರ್ ಅಂದರೆ ಕ್ರಮ) ಜಾಗದಲ್ಲಿ ‘ಪ್ರಯಾರಿಟಿ, ಸ್ಟ್ಯಾಂಡರ್ಡ್’ ಆರಿಸಿ, ಅರ್ಜೆಂಟ್ ಆರ್ಡರ್‌ಗೆ 900 ಕೊಟ್ಟರೆ ಉಳಿದವು ಹಿಂದೆ ಸರಿಯುತ್ತವೆ. 1000 ಮಾತ್ರ ಕೊಡಬೇಡಿ, ಅದನ್ನು ಲೆವೆಲಿಂಗ್ ಮುಟ್ಟೋದೇ ಇಲ್ಲ.

ರೊಬಸ್ಟಾ ಮುಗಿದು ಅರೇಬಿಕಾ ಹಾಕುವ ಮುಂಚೆ ಮಷಿನ್ ಕ್ಲೀನ್ ಮಾಡಬೇಕಲ್ಲ, ಆ ಸಮಯ ತಾನಾಗಿ ಸೇರಲ್ಲ. ಅದಕ್ಕೆ ನಾನೇ ಬೇರೆ ಟಾಸ್ಕ್ ಹಾಕುತ್ತಿದ್ದೇನೆ. ಸ್ವಲ್ಪ ಕಿರಿಕಿರಿ, ಆದರೆ ನಡೆಯುತ್ತೆ.