‘ಚಿಖೆರ್ ಓವ್ಸ್’: ಸಕ್ಕರೆ ಹುಲ್ಲೇ, ಯಷ್ಟಿಮಧುವೇ?

ಬಲ್ಲವರು ದಯವಿಟ್ಟು ತಿಳಿಸಬೇಕು. ಮಂಗೋಲಿಯದ ಮದ್ದಿನ ಗಿಡಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಚಿಖೆರ್ ಓವ್ಸ್’ ಎಂಬಲ್ಲಿಗೆ ಬಂದು ಕೈ ನಿಂತಿದೆ. ‘ಚಿಖೆರ್’ ಎಂದರೆ ಸಕ್ಕರೆ, ‘ಓವ್ಸ್’ ಎಂದರೆ ಹುಲ್ಲು. ಸಸ್ಯಶಾಸ್ತ್ರದ ಹೆಸರು ಗ್ಲಿಸಿರೈಜಾ ಯುರಾಲೆನ್ಸಿಸ್. ನಮ್ಮ ಗ್ರಂಧಿಗೆ ಅಂಗಡಿಯ ಯಷ್ಟಿಮಧು ಇದರ ದಾಯಾದಿ, ಗ್ಲಿಸಿರೈಜಾ ಗ್ಲಾಬ್ರಾ.

‘ಸಕ್ಕರೆ ಹುಲ್ಲು’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಅದು ಹುಲ್ಲಲ್ಲ, ಅವರೆ–ಹುರುಳಿಯ ಕುಟುಂಬದ ಗಿಡ. ಮದ್ದಿಗೆ ಬೇಕಾದದ್ದು ಬೇರು. ಹಾಗೆಂದು ‘ಚಿಖೆರ್’ ಅನ್ನು ಕೈಬಿಡುವುದೂ ಕಷ್ಟ. ಸಂಸ್ಕೃತದ ಶರ್ಕರಾ ಪಾರಸಿಯಲ್ಲಿ ಶಕರ್ ಆಗಿ ಮಧ್ಯ ಏಷ್ಯಾ ದಾಟಿ ಅಲ್ಲಿಗೆ ಹೋಯಿತು, ಪ್ರಾಕೃತದ ಸಕ್ಕರಾ ಆಗಿ ನಮ್ಮಲ್ಲಿಗೆ ಬಂತು. ‘ಚಿಖೆರ್’ ಮತ್ತು ‘ಸಕ್ಕರೆ’ ಒಂದೇ ಬಳ್ಳಿಯ ಕಾಯಿಗಳು!

ಆದರೆ ಬೇರಿನ ಸಿಹಿ ಸಕ್ಕರೆಯದಲ್ಲ. ಒಣಗಿದ ತುಂಡನ್ನು ಸೀಳಿದರೆ ಒಳಗೆ ಹಳದಿ ನಾರು. ಅಗಿದರೆ ಸಿಹಿ ತಡವಾಗಿ ಏರಿ ನಾಲಗೆಯಲ್ಲೇ ಉಳಿಯುತ್ತದೆ. ಅದು ಗ್ಲಿಸಿರೈಜಿನ್, ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಅಂಟುವಾಳದಲ್ಲಿರುವಂತೆ ನೊರೆ ಬರಿಸುವ ಸಪೋನಿನ್‌ಗಳ ಗುಂಪಿಗೆ ಸೇರಿದ್ದು. (ಸಪೋನಿನ್‌ಗೆ ‘ನೊರೆಸತ್ವ’ ಎಂದರೆ ನಡೆದೀತೇ?) ಕರುಳಿನ ಬ್ಯಾಕ್ಟೀರಿಯಾ ಇದನ್ನು ಒಡೆದಾಗ ಗ್ಲಿಸಿರೆಟಿನಿಕ್ ಆಮ್ಲ ಸಿಗುತ್ತದೆ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಕೆಲಸವನ್ನು ಹತೋಟಿಯಲ್ಲಿಡುವ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆ. ಬಹಳ ದಿನ ಹೆಚ್ಚು ತಿಂದರೆ ಮೈಯಲ್ಲಿ ಸೋಡಿಯಂ ನಿಂತು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತದೆ. ‘ಸಕ್ಕರೆ’ ಎಂಬ ಹೆಸರು ಇದನ್ನೆಲ್ಲ ಮರೆಮಾಡುತ್ತದೆ.

ಬರಿಯ ‘ಯಷ್ಟಿಮಧು’ ಎಂದರೂ ತೊಡಕಿದೆ. ಗ್ಲಿಸಿರೈಜಿನ್ ಎರಡು ಗಿಡಗಳಲ್ಲೂ ಉಂಟು; ಗ್ಲಾಬ್ರಿಡಿನ್ ಎಂಬ ರಾಸಾಯನಿಕ ನಮ್ಮದರ ಗುರುತು, ಗ್ಲಿಸಿಕೂಮರಿನ್ ಎಂಬುದು ಮಂಗೋಲಿಯದ್ದರ ಗುರುತು. ಓದುಗರು ಎರಡನ್ನೂ ಒಂದೇ ಎಂದುಕೊಳ್ಳಬಾರದು. ‘ಮಂಗೋಲಿಯದ ಯಷ್ಟಿಮಧು’ ಎನ್ನೋಣವೆಂದರೆ ಗಿಡ ಚೀನಾ, ಕಜಕಸ್ತಾನಗಳಲ್ಲೂ ಇದೆ. ಸದ್ಯಕ್ಕೆ ‘ಯುರಾಲ್ ಯಷ್ಟಿಮಧು’ ಎಂದು ಬರೆದುಕೊಂಡಿದ್ದೇನೆ.

‘ಯಷ್ಟಿಮಧು’ ಎಂಬುದನ್ನು ಉಳಿಸಿಕೊಳ್ಳಲು ಇನ್ನೊಂದು ಆಧಾರವೂ ಇದೆ. ಮಂಗೋಲಿಯದ ಸಾಂಪ್ರದಾಯಿಕ ವೈದ್ಯರು ಟಿಬೆಟ್ಟಿನ ವೈದ್ಯವನ್ನು ಕಲಿತವರು. ವಾಗ್ಭಟನ ‘ಅಷ್ಟಾಂಗಹೃದಯ’ ಟಿಬೆಟ್ ಭಾಷೆಗೆ ಅನುವಾದವಾಗಿ ಹೋದ ಆಯುರ್ವೇದ ಗ್ರಂಥ. ಈ ಬೇರಿಗೆ ಟಿಬೆಟ್ಟಿನವರು ‘ಶಿಂಗ್ ಙರ್’ ಎನ್ನುತ್ತಾರೆ, ಎಂದರೆ ಸಿಹಿ ಮರ. ಯಷ್ಟಿ ಎಂದರೂ ಕೋಲೇ ತಾನೇ?

ಜ್ಯೇಷ್ಠಮಧು, ಅತಿಮಧುರ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಇವುಗಳಲ್ಲದೆ ಅಚ್ಚಗನ್ನಡದ ಹೆಸರೊಂದನ್ನು ನಿಮ್ಮ ಸೀಮೆಯ ನಾಟಿ ವೈದ್ಯರ ಬಾಯಲ್ಲಿ ಯಾರಾದರೂ ಕೇಳಿದ್ದೀರಾ?