ಫೆಸ್‌ನಲ್ಲಿ ಕೆಲಸಗಾರರ ಕೈಗಳ ಫೋಟೊ: ಕೇಳಿ ತೆಗೆಯಬೇಕಾ?

ತುಂಗಾತೀರ:
ಮುಂದಿನ ತಿಂಗಳು ಮೊರಾಕ್ಕೊಗೆ ಹೊರಟಿದ್ದೇನೆ. ಫೆಸ್ ಊರಿನ ಹಳೇ ಪೇಟೆಯಲ್ಲಿ ತಾಮ್ರ ಬಡಿಯುವವರು, ಚರ್ಮ ಹದ ಮಾಡುವವರು, ಟೈಲ್ ಕತ್ತರಿಸುವವರ ಕೈಗಳ ಫೋಟೊ ತೆಗೆಯುವ ಆಸೆ. ಮುಖ ಬರುವುದಿಲ್ಲ ಅಂದಮೇಲೆ ಅನುಮತಿ ಬೇಕಾ? ನನ್ನ ಹತ್ತಿರ 35 ಎಂಎಂ, 85 ಎಂಎಂ ಲೆನ್ಸ್ ಇವೆ. ಯಾವುದು ಒಯ್ಯಲಿ?

ನೆರಳುಬೆಳಕು:
ಕೇಳಲೇಬೇಕು. ಮುಖ ಬರದಿದ್ದರೂ ಕೈ ಅವರದೇ ಅಲ್ವಾ? ಅಲ್ಲಿ ತುಂಬಾ ಜನರಿಗೆ ಫೋಟೊ ಅಂದರೆ ಇಷ್ಟವಿಲ್ಲ. ಕೈ ಮಾತ್ರ ಅಂದರೆ ಒಪ್ಪುವವರು ಇದ್ದಾರೆ. ಆದರೆ ದೂರದಿಂದ ಕದ್ದು ತೆಗೆದರೆ, ಮುಖ ಬಂತೋ ಕೈ ಬಂತೋ ಅವರಿಗೆ ಹೇಗೆ ಗೊತ್ತಾಗಬೇಕು? ಕ್ಯಾಮೆರಾ ಇಳಿಸಿ, ಸಲಾಂ ಹೇಳಿ, ಕೈ ತೋರಿಸಿ 'ಮುಮ್ಕಿನ್?' (ಆಗಬಹುದಾ?) ಅನ್ನಿ. 'ಲಾ' (ಬೇಡ) ಅಂದರೆ ಮುಂದಕ್ಕೆ ಹೋಗಿ.

ಸಮಯ ಕಮ್ಮಿ ಇದ್ದರೆ ಫೆಸ್‌ನ ಐನ್ ನೊಕ್ಬಿ ಬಡಾವಣೆಗೆ ಹೋಗಿ. ಕುಂಬಾರರು, ಝೆಲ್ಲೀಜ್ (ಬಣ್ಣದ ತುಂಡುಗಳನ್ನು ಜೋಡಿಸಿದ ಚಿತ್ತಾರ) ಟೈಲ್ ಮಾಡುವವರು ಇರುವುದು ಅಲ್ಲೇ. ಕೆಲಸಗಾರ ನೆಲದಲ್ಲಿ ಕೂತಿರುತ್ತಾನೆ. ಬಣ್ಣದ ಟೈಲ್ ಮೇಲೆ ಮೊದಲೇ ಬಿಳಿ ಗೆರೆ ಎಳೆದಿರುತ್ತಾರೆ. ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯ ಭಾರದ ಸುತ್ತಿಗೆಯಿಂದ ಗೆರೆಯ ಉದ್ದಕ್ಕೂ ಚಿಪ್ಪು ಚಿಪ್ಪಾಗಿ ಹಾರಿಸುತ್ತಾನೆ. ಆಮೇಲೆ ಹಿಂಬದಿಯ ಅಂಚನ್ನು ಓರೆಯಾಗಿ ಸವರುತ್ತಾನೆ. ಹಾಗೆ ಮಾಡಿದರೇ ಮುಂದಿನ ಬದಿಯಲ್ಲಿ ತುಂಡುಗಳು ಸಂದಿಲ್ಲದೆ ಕೂರುವುದು. ಜೋಡಿಸುವವನದು ಇನ್ನೂ ಕಷ್ಟದ ಕೆಲಸ. ಬಣ್ಣದ ಮುಖ ಕೆಳಗೆ ಮಾಡಿ ಇಡುತ್ತಾನೆ. ಅವನಿಗೆ ಕಾಣುವುದು ಬರೀ ಮಣ್ಣಿನ ಬಣ್ಣ. ಇಡೀ ಚಿತ್ತಾರ ತಲೆಯಲ್ಲೇ ಇರಬೇಕು. ಆ ಕೈ ಎಲ್ಲಿ ನಿಲ್ಲುತ್ತದೆ, ಯಾವ ತುಂಡಿಗೆ ತಡಕುತ್ತದೆ, ಅದನ್ನು ನೋಡುತ್ತಾ ಕೂತು ಆಮೇಲೆ ತೆಗೆಯಿರಿ. ಹತ್ತಿರ ಹೋಗಿ ಚರ್ಮದ ಸುಕ್ಕು ಮಾತ್ರ ತೆಗೆದರೆ ಅದು ಯಾರ ಕೈಯಾದರೂ ಆಗಬಹುದು. ಸುತ್ತಿಗೆ, ತುಂಡು, ಅರ್ಧ ಆದ ಚಿತ್ತಾರ ಜೊತೆಗೆ ಬರಲಿ.

ಅದಕ್ಕೇ 35 ಎಂಎಂ ಸಾಕು, ಸುತ್ತಲಿನದ್ದೂ ಚೌಕಟ್ಟಿನಲ್ಲಿ ಬರುತ್ತದೆ. ಶಟರ್ ಸೆಕೆಂಡಿನ 1/60ರ ಆಸುಪಾಸು ಇಟ್ಟು, ಟೈಲ್ ಹಿಡಿದ ಎಡಗೈಗೆ ಫೋಕಸ್ ಮಾಡಿ. ಸುತ್ತಿಗೆ ಮಸುಕಾಗಿ ಬರಲಿ, ಪರವಾಗಿಲ್ಲ. ಒಳಗೆ ಕತ್ತಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಹೆದರಬೇಡಿ. ಚಿಪ್ಪುಗಳು ಗಾಜಿನಷ್ಟೇ ಚೂಪು, ಕಣ್ಣು ಜೋಪಾನ.

ಶೌವಾರಾದಲ್ಲಿ ಚರ್ಮ ಹದ ಮಾಡುವ ಹೊಂಡಗಳನ್ನು ನೋಡುವುದು ಅಂಗಡಿಗಳ ಮಹಡಿಯಿಂದ. ಹೊಂಡದಲ್ಲಿ ನಿಂತವನನ್ನು ಅಲ್ಲಿಂದ ಕೇಳಲು ಆಗುವುದಿಲ್ಲ. ನಾನು ಅಲ್ಲಿ ಕೈಗಳ ಫೋಟೊ ತೆಗೆಯುವುದಿಲ್ಲ.

ಇಳಕಲ್ಲಿನವಳು:
ನಾನು ನೇಕಾರರ ಮನೆಯವಳು. ನಮ್ಮಲ್ಲಿಗೂ ಕ್ಯಾಮೆರಾ ಹಿಡಿದು ಬರುತ್ತಾರೆ. ಸೆರಗಿನ ಎಳೆಗೆ ಒಡಲಿನ ಎಳೆ ಕೊಂಡಿ ಹಾಕಿ ಕೂಡಿಸುವಾಗ ಅಪ್ಪನ ಬೆರಳ ಮೇಲೇ ಎಲ್ಲರ ಕಣ್ಣು. ಒಬ್ಬರು ಫೋಟೊ ತೋರಿಸಿದಾಗ ಅಪ್ಪ ಕೇಳಿದ್ದು, 'ನಾನು ಎಲ್ಲಿದ್ದೇನೆ ಇದರಲ್ಲಿ?' ಅವರಿಗೆ ಮುಖ ಬೇಕಿತ್ತು! ಹಾಗಾಗಿ ಕೈ ಮಾತ್ರ ಅಂತ ನೀವೇ ಮೊದಲೇ ತೀರ್ಮಾನಿಸಬೇಡಿ. ಕೆಲಸ ಮಾಡುವವರನ್ನೇ ಕೇಳಿ. ಬೇಕು ಅಂದರೆ ಮುಖವನ್ನೂ ತೆಗೆದು, ಅವರ ಫೋನಿಗೆ ಕಳಿಸಿ.

ನೆರಳುಬೆಳಕು:
ಇದು ನಾನು ಹೇಳಿದ್ದಕ್ಕಿಂತ ಒಳ್ಳೆಯ ಮಾತು. ಕಳಿಸುತ್ತೇನೆ ಅಂದರೆ ಅಲ್ಲೇ ನಿಂತು ಕಳಿಸಿ, ಊರಿಗೆ ಬಂದಮೇಲೆ ಮರೆತುಹೋಗುತ್ತದೆ.

ತುಂಗಾತೀರ:
ಇಬ್ಬರಿಗೂ ಥ್ಯಾಂಕ್ಸ್. 85 ಮನೆಯಲ್ಲೇ ಇರಲಿ. ತಾಮ್ರ ಬಡಿಯುವವರ ಸೆಫಾರೀನ್ ಚೌಕದಲ್ಲಿ ಟ್ರೈಪಾಡ್ ನಡೆಯುತ್ತಾ?

ನೆರಳುಬೆಳಕು:
ಬೇಡ. ಚೌಕಕ್ಕೆ ಬರುವ ಓಣಿಗಳು ತುಂಬಾ ಇಕ್ಕಟ್ಟು, ಹೇಸರಗತ್ತೆಗಳು ಹೊರೆ ಹೊತ್ತು ಬರುತ್ತಿರುತ್ತವೆ. ಹಿಂದಿನಿಂದ 'ಬಾಲಾಕ್!' (ಜೋಪಾನ, ದಾರಿ ಬಿಡಿ) ಅಂತ ಕೂಗು ಕೇಳಿದರೆ ತಕ್ಷಣ ಗೋಡೆಗೆ ಒತ್ತಿ ನಿಲ್ಲಿ. ತಾಮ್ರದವರು ಹಂಡೆ ಬಡಿಯುವುದು ಬಯಲಲ್ಲೇ, ಬೆಳಕು ಧಾರಾಳ. ಕೈಯಲ್ಲಿ ಹಿಡಿದೇ ತೆಗೆಯಬಹುದು.