ವೆಬ್ ಸರ್ವಿಸ್‌ನಿಂದ ಬಂದ ಗಾಳಿಯ ವೇಗ ಪಿಎಲ್‌ಸಿಯಲ್ಲಿ 0.0 ಅಂತ ಬರ್ತಿದೆ (ಮಾಡ್‌ಬಸ್ ಟಿಸಿಪಿ, ನೋಡ್-ರೆಡ್)

ಪಾಲಿಹೌಸ್_ಹಾಸನ
ಎಲ್ಲರಿಗೂ ನಮಸ್ಕಾರ. ನಮ್ಮ ಪಾಲಿಹೌಸ್‌ನ ಮೇಲ್ಛಾವಣಿ ಕಿಂಡಿಗಳನ್ನು ತೆರೆದು ಮುಚ್ಚೋದು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಸಣ್ಣ ಕಂಪ್ಯೂಟರ್). ಗಾಳಿ ಜೋರಾಗುವ ಮೊದಲೇ ಮುಚ್ಚಿಕೊಳ್ಳಲಿ ಅಂತ ಹವಾಮಾನದ ವೆಬ್ ಸರ್ವಿಸ್ ಜೋಡಿಸ್ತಿದ್ದೀನಿ. ಪಿಎಲ್‌ಸಿ ಹಳೇದು, ವೆಬ್‌ನ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಅದಕ್ಕೆ ಬರಲ್ಲ. ಅದಕ್ಕೇ ನಡುವೆ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು, ಅದರ ನೋಡ್-ರೆಡ್ ಸಾಫ್ಟ್‌ವೇರ್‌ನಲ್ಲಿ ಜೇಸನ್ (ಸರ್ವಿಸ್ ಕೊಡುವ ಉತ್ತರದ ರೂಪ) ಬಿಡಿಸಿ, ಪಿಎಲ್‌ಸಿಗೆ ಅರ್ಥವಾಗುವ ಮಾಡ್‌ಬಸ್ ಟಿಸಿಪಿಯಲ್ಲಿ ನೆಟ್‌ವರ್ಕ್ ಮೂಲಕ ಬರೀತಿದ್ದೀನಿ. ಪಿಎಲ್‌ಸಿಯ ರಿಜಿಸ್ಟರ್‌ಗಳಲ್ಲಿ (ಸಂಖ್ಯೆ ಇಡುವ ಜಾಗಗಳು) 40001ಕ್ಕೆ ಗಾಳಿಯ ವೇಗ, 40003ಕ್ಕೆ ಉಷ್ಣಾಂಶ, ಎರಡೂ ಫ್ಲೋಟ್, ಅಂದ್ರೆ ದಶಮಾಂಶ ಸಂಖ್ಯೆ. 40005ಕ್ಕೆ ತೇವಾಂಶ, ಪೂರ್ಣಾಂಕ.

ತೇವಾಂಶ 64 ಸರಿಯಾಗಿ ಬರುತ್ತೆ. ಗಾಳಿ 27.5 ಕಳಿಸಿದ್ರೆ ಎಚ್‌ಎಂಐನಲ್ಲಿ (ಪಿಎಲ್‌ಸಿಯ ಪರದೆ) 0.0. ಪೈ ಕಡೆ ಯಾವ ಎರರ್ ಕೂಡ ಇಲ್ಲ.

ಲ್ಯಾಡರ್_ಲಾಜಿಕ್
ತೇವಾಂಶ ಸರಿಯಾದ ಜಾಗಕ್ಕೆ ಬೀಳ್ತಿದೆ ಅಂದ್ಮೇಲೆ ವಿಳಾಸದ ತಪ್ಪಲ್ಲ ಸರ್. 40001, 40002 ಎರಡನ್ನೂ ಫ್ಲೋಟ್ ಆಗಿ ನೋಡದೆ, 16 ಬಿಟ್‌ನ ಬರಿಯ ಸಂಖ್ಯೆಗಳಾಗಿ ಓದಿ ಹಾಕಿ.

ಪಾಲಿಹೌಸ್_ಹಾಸನ
40001ರಲ್ಲಿ 16860, 40002ರಲ್ಲಿ 0.

ಲ್ಯಾಡರ್_ಲಾಜಿಕ್
ಹಾಗಿದ್ರೆ ಡೇಟಾ ಪೂರ್ತಿ ತಲುಪಿದೆ, ಓದುವ ಕ್ರಮ ತಿರುಗಿದೆ ಅಷ್ಟೆ. ಮಾಡ್‌ಬಸ್ ರಿಜಿಸ್ಟರ್ 16 ಬಿಟ್‌ನದು, ಫ್ಲೋಟ್ 32 ಬಿಟ್‌ನದು. ಅದಕ್ಕೇ ಎರಡು ರಿಜಿಸ್ಟರ್ ಬೇಕು. ಒಂದು ರಿಜಿಸ್ಟರ್ ಒಳಗಿನ ಬೈಟ್‌ಗಳ ಕ್ರಮವನ್ನು ಮಾಡ್‌ಬಸ್ ನಿಗದಿ ಮಾಡಿದೆ. ಎರಡರಲ್ಲಿ ಯಾವುದು ಮೊದಲು ಅನ್ನೋದನ್ನು ಮಾತ್ರ ಮಾಡಿಲ್ಲ, ಅದು ತಯಾರಕರಿಗೆ ಬಿಟ್ಟಿದ್ದು. 27.5ರ ಮೇಲಿನ ಅರ್ಧ 16860, ಕೆಳಗಿನ ಅರ್ಧ 0. ನಿಮ್ಮ ಪಿಎಲ್‌ಸಿ ಕೆಳಗಿನ ಅರ್ಧ ಮೊದಲು ಬರಬೇಕು ಅಂತ ಕಾಯುತ್ತೆ. ತಿರುಗಿಸಿ ಓದಿದಾಗ ಸಿಗೋದು ಸೊನ್ನೆಗೆ ಅಂಟಿಕೊಂಡಂಥ ಸಂಖ್ಯೆ, ಅದೇ 0.0. ನೋಡ್-ರೆಡ್‌ನ ಫಂಕ್ಷನ್ ನೋಡ್‌ನಲ್ಲಿ (ನಾವೇ ಕೋಡ್ ಬರೆಯುವ ಜಾಗ) ಎರಡನ್ನೂ ಅದಲು ಬದಲು ಮಾಡಿ, ಮಾಡ್‌ಬಸ್ ಆಜ್ಞೆಯಾದ ಫಂಕ್ಷನ್ ಕೋಡ್ 16ರಲ್ಲಿ ಒಟ್ಟಿಗೇ ಬರೆಯಿರಿ. ಕೋಡ್ 6ರಲ್ಲಿ ಒಂದೊಂದಾಗಿ ಬರೆದ್ರೆ, ಅರ್ಧ ಹಳೇದು ಅರ್ಧ ಹೊಸದು ಇರುವಾಗಲೇ ಪಿಎಲ್‌ಸಿ ಓದಿಬಿಡಬಹುದು.

ವೆಬ್ ಸರ್ವಿಸ್ ಕೊಡೋದು ಗಂಟೆಗೆ ಕಿ.ಮೀ.ಗಳಲ್ಲೋ ಸೆಕೆಂಡಿಗೆ ಮೀಟರ್‌ಗಳಲ್ಲೋ ಅದನ್ನೂ ನೋಡಿಕೊಳ್ಳಿ. ಸೆಕೆಂಡಿಗೆ 7.5 ಮೀಟರ್ ಅಂದ್ರೆ ಗಂಟೆಗೆ 27 ಕಿ.ಮೀ.

ಪಾಲಿಹೌಸ್_ಹಾಸನ
ಬಂತು ಸರ್, 27.5! ತುಂಬಾ ಥ್ಯಾಂಕ್ಸ್.

ಮೀಟರ್_ಮಂಜು
ಥ್ರೆಡ್ ಮುಗಿಸೋ ಮುಂಚೆ ಒಂದು ಮಾತು, ಇದು ನಿಜಕ್ಕೂ ಮುಖ್ಯ. ಇಂಟರ್ನೆಟ್ ಹೋದ್ರೆ ರಿಜಿಸ್ಟರ್‌ನಲ್ಲಿ ಕೊನೆಯ ಬೆಲೆ ಹಾಗೇ ಉಳಿಯುತ್ತೆ. ಬೆಳಿಗ್ಗೆಯ 6 ಕಿ.ಮೀ. ಇಟ್ಕೊಂಡು ಪಿಎಲ್‌ಸಿ ಸಂಜೆ ಬಿರುಗಾಳಿಗೂ ಕಿಂಡಿ ತೆರೆದೇ ಇಡುತ್ತೆ.

40006ರಲ್ಲಿ ಒಂದು ಕೌಂಟರ್ ಇಡಿ. ಎಷ್ಟೋ ಜನ ಇದನ್ನು ಪೈ ಟೈಮರ್‌ನಿಂದಲೇ ಏರಿಸ್ತಾರೆ. ಆಗ ಅದು ಪೈ ಬದುಕಿದೆ ಅಂತ ಹೇಳುತ್ತೆ, ಡೇಟಾ ತಾಜಾ ಇದೆ ಅಂತಲ್ಲ. ಉತ್ತರದೊಳಗಿನ ಸಮಯ ಹಿಂದಿನದಕ್ಕಿಂತ ಬೇರೆಯಾದಾಗ ಮಾತ್ರ ಏರಿಸಿ. ಸರ್ವಿಸ್ 15 ನಿಮಿಷಕ್ಕೊಮ್ಮೆ ಹೊಸ ಡೇಟಾ ಕೊಡೋದಾದ್ರೆ, 40 ನಿಮಿಷ ಕೌಂಟರ್ ಕದಲದಿದ್ದಾಗ ಪಿಎಲ್‌ಸಿ ವೆಬ್ ಬೆಲೆ ಬಿಟ್ಟು ಛಾವಣಿಯ ಗಾಳಿ ಮಾಪಕವನ್ನಷ್ಟೇ ನಂಬಲಿ. ಮಾಪಕ ಇಲ್ಲದಿದ್ರೆ ದಯವಿಟ್ಟು ಒಂದು ಹಾಕಿಸಿ. ವೆಬ್ ಸರ್ವಿಸ್‌ನ ಅಂಕಿ ಹಲವು ಕಿ.ಮೀ. ಅಗಲದ ಪ್ರದೇಶಕ್ಕೆ ಲೆಕ್ಕ ಹಾಕಿದ್ದು, ನಿಮ್ಮ ತೋಟದ ಗಾಳಿ ಅದಕ್ಕೆ ಗೊತ್ತಿರಲ್ಲ. ಮುನ್ಸೂಚನೆಗೆ ವೆಬ್ಬು, ಕೊನೆಯ ತೀರ್ಮಾನಕ್ಕೆ ಮಾಪಕ.

ಪಾಲಿಹೌಸ್_ಹಾಸನ
ಹಾಗೇ ಮಾಡಿದೆ. ರೌಟರ್‌ನ ವೈರ್ ಕಿತ್ತು ನೋಡಿದೆ, 40 ನಿಮಿಷಕ್ಕೆ ಅಲಾರಂ ಬಂದು ಮಾಪಕಕ್ಕೆ ಬದಲಾಯ್ತು. ಕೊನೇದೊಂದು ಪ್ರಶ್ನೆ: ಮನೆಯಿಂದ ನೋಡೋಕೆ ಮಾಡ್‌ಬಸ್‌ನ 502 ಪೋರ್ಟ್ ಫಾರ್ವರ್ಡ್ ಮಾಡ್ಲಾ, ಅಂದ್ರೆ ರೌಟರ್‌ನಲ್ಲಿ ಅದನ್ನು ಇಂಟರ್ನೆಟ್‌ಗೆ ತೆರೆದಿಡ್ಲಾ?

ಲ್ಯಾಡರ್_ಲಾಜಿಕ್
ಖಂಡಿತ ಬೇಡ. ಮಾಡ್‌ಬಸ್ 1979ರದ್ದು, ಪಾಸ್‌ವರ್ಡ್ ಕೇಳುವ ಪದ್ಧತಿಯೇ ಅದರಲ್ಲಿಲ್ಲ. ಆ ಪೋರ್ಟ್ ಸಿಕ್ಕವರೆಲ್ಲ ನಿಮ್ಮ ಕಿಂಡಿ ತೆರೀಬಹುದು. ಪೈ ಮೇಲೆ ವೈರ್‌ಗಾರ್ಡ್ ವಿಪಿಎನ್ (ಹೊರಗಿನಿಂದ ಬರೋಕೆ ಗೂಢಲಿಪಿಯ ಖಾಸಗಿ ದಾರಿ) ಹಾಕಿ, ಅದರ ಮೂಲಕವೇ ಒಳಗೆ ಬನ್ನಿ. ನೋಡ್-ರೆಡ್ ಎಡಿಟರ್‌ಗೂ ಪಾಸ್‌ವರ್ಡ್ ಇಡಿ, ನಾವಾಗೇ ಹಾಕದಿದ್ರೆ ಅದಕ್ಕೂ ಇರಲ್ಲ.